ನೋಸಿಯೋಲ ಮತ್ತು ಜೂಲಿಯಾನಾಳ ಮೂಗು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿನ ಅಡುಗೆಮನೆಗೆ ಕಿಟಕಿಯಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಜಿಡ್ಡು ಹಿಡಿದ ಒಂದು ಎಕ್ಸಾಸ್ಟ್ ಫ್ಯಾನು, ಅದರ ಹಿಂದೆ ಕಟ್ಟಡದ ಬುಡದಿಂದ ನೆತ್ತಿಯವರೆಗೆ ಏರುವ ಕತ್ತಲೆಯ ಗೂಡು. ಅಷ್ಟೂ ಮಹಡಿಗಳ ಸಂಸಾರಗಳು ತಮ್ಮ ಒಗ್ಗರಣೆಯನ್ನು, ಸೀದ ಹಾಲನ್ನು, ಹಬ್ಬದ ದಿನದ ತುಪ್ಪವನ್ನು ಆ ಒಂದೇ ಗೂಡಿಗೆ ಒಪ್ಪಿಸುತ್ತವೆ. ನಮ್ಮ ಮನೆಯ ವಾಸನೆಯನ್ನು ಹೊರಗೆ ಹಾಕಲೆಂದು ಇಟ್ಟ ಫ್ಯಾನು ಕೆಲವು ದಿನ ಊರವರ ವಾಸನೆಯನ್ನೆಲ್ಲ ಒಳಗೆ ತಂದು ಸುರಿಯುತ್ತದೆ. ನಾನಾದರೋ ಅದನ್ನೆಲ್ಲ ಒಟ್ಟಾಗಿ ‘ಅಡುಗೆ ವಾಸನೆ’ ಎಂದು ಕರೆದು ಬಾಗಿಲು ಹಾಕಿಕೊಳ್ಳುವ ಜಾತಿಯವನು. ನನ್ನ ಹೆಂಡತಿ ಜೂಲಿಯಾನಾ ಮಾತ್ರ ಆ ಫ್ಯಾನಿನ ಕೆಳಗೆ ಗಲ್ಲವೆತ್ತಿ ನಿಂತು, ಬೇರೆಯವರು ಬೆಳಗಿನ ಪತ್ರಿಕೆ ಓದುವಂತೆ ಅದನ್ನು ಓದುತ್ತಿದ್ದಳು.

“ಐವನ್, ಕೆಳಗಿನ ಮನೆಯ ಮಲಯಾಳಿ ಅಕ್ಕ ಇವತ್ತು ಬೆಳ್ಳುಳ್ಳಿ ಕರಿಸಿಬಿಟ್ಟಳು ಮಾರಾಯ. ಮೇಲಿನ ಈಜಿಪ್ಟಿನವರದ್ದು ಬೀನ್ಸ್. ಜೀರಿಗೆ ಸ್ವಲ್ಪ ಜಾಸ್ತಿ ಆಯ್ತು.”

ಲಿಫ್ಟಿನಲ್ಲಿ ಆ ಅಕ್ಕ ಸಿಕ್ಕಾಗ ನಾನು ತಮಾಷೆಗೆ ಕೇಳುವುದು, ಅವರು ನಾಚಿ ಒಪ್ಪಿಕೊಳ್ಳುವುದು, ಇದೆಲ್ಲ ನಮ್ಮ ದಾಂಪತ್ಯದ ಸಣ್ಣ ಸಣ್ಣ ಸುಖಗಳಾಗಿದ್ದವು. ‘ಓದುತ್ತಿದ್ದಳು’, ‘ಆಗಿದ್ದವು’ ಎಂಬ ಈ ಭೂತಕಾಲದ ಕ್ರಿಯಾಪದಗಳನ್ನು ನೀವು ಗಮನಿಸಿರಬೇಕು. ಗಾಬರಿಯಾಗಬೇಡಿ, ಜೂಲಿಯಾನಾ ಬದುಕಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ. ಆದರೂ ಅವಳ ಬಗ್ಗೆ ಬರೆಯಹೊರಟರೆ ನನ್ನ ಪೆನ್ನು ತಾನಾಗಿ ಭೂತಕಾಲಕ್ಕೆ ಜಾರುತ್ತದೆ. ಯಾಕೆಂದು ಹೇಳುತ್ತೇನೆ.

ಅವಳ ಊರು ಕಿನ್ನಿಗೋಳಿಯ ಆಚೆ. ಕ್ರಿಸ್‌ಮಸ್ಸಿಗೆ ಮೊದಲು ಅವಳ ಅಜ್ಜಿ ಕಪ್ಪು ದ್ರಾಕ್ಷಿಯನ್ನು ಸಕ್ಕರೆ, ಗೋಧಿಯ ಜೊತೆ ಭರಣಿಯಲ್ಲಿಟ್ಟು ಬಟ್ಟೆ ಕಟ್ಟುತ್ತಿದ್ದರಂತೆ. ಹದವಾಗಿದೆಯೋ ಇಲ್ಲವೋ ಎಂದು ನೋಡಲು ಮನೆಯ ದೊಡ್ಡವರನ್ನೆಲ್ಲ ಬಿಟ್ಟು ಲಂಗ ತೊಟ್ಟ ಈ ಹುಡುಗಿಯನ್ನು ಕರೆಯುತ್ತಿದ್ದರಂತೆ. ಆ ಹುಡುಗಿ ಬೆಳೆದು, ಅಬುಧಾಬಿಯ ಒಂದು ಹೋಟೆಲಿಗೆ ತಟ್ಟೆ ಎತ್ತುವ ಕೆಲಸಕ್ಕೆ ಬಂದು, ರಜೆಯ ದಿನಗಳಲ್ಲಿ ಓದಿ, ಪರೀಕ್ಷೆಗಳನ್ನು ಬರೆದು, ಅದೇ ಹೋಟೆಲಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಸೊಮೆಲಿಯೆ ಆದಳು. ಯಾವ ಊಟಕ್ಕೆ ಯಾವ ವೈನ್ ಹೊಂದುತ್ತದೆ ಎಂದು ಆರಿಸಿ, ಮೂಸಿ, ಬಡಿಸುವವರಿಗೆ ಇರುವ ಹೆಸರು ಅದು. ಊರಿನಲ್ಲಿ ಅವಳಮ್ಮ ಇಗರ್ಜಿಯ ಅಂಗಳದಲ್ಲಿ ಕೇಳಿದವರಿಗೆಲ್ಲ “ಅವಳು ಹೋಟೆಲಲ್ಲಿ ಆಫೀಸರ್” ಎನ್ನುತ್ತಿದ್ದರು. ಮೂಗಿನಿಂದ ಸಂಬಳ ಬರುತ್ತದೆಂದರೆ ಜನ ಮೂಗಿನ ಮೇಲೆ ಬೆರಳಿಡುತ್ತಾರೆಂಬ ಭಯ ಅವರಿಗೆ.

ನನ್ನದೂ ಒಂದು ರೀತಿಯಲ್ಲಿ ಮೂಗಿನ ಉದ್ಯೋಗವೇ, ಆದರೆ ಮೂಗು ಮುಚ್ಚಿಕೊಳ್ಳುವ ಉದ್ಯೋಗ. ಹೋಟೆಲುಗಳಿಗೆ ಮೀನು ಒದಗಿಸುವ ಕಂಪನಿಯಲ್ಲಿ ನಾನು ಖರೀದಿಯವನು. ವಾರಕ್ಕೊಮ್ಮೆ ದುಬೈಗೆ ಹೋಗಿ ದೇರಾದ ಮೀನು ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಬ್ಯಾರಿ ವ್ಯಾಪಾರಿ ಹಮೀದಾಕರ ಹತ್ತಿರ ಬೇಕಾದದ್ದನ್ನು ಆರಿಸಿ, ಮಂಜುಗಡ್ಡೆಯ ನಡುವೆ ತುಂಬಿಸಿಕೊಂಡು ಬರುತ್ತಿದ್ದೆ. ಆ ದಿನ ಮನೆಯ ಬಾಗಿಲು ತೆರೆಯುತ್ತಲೇ ಜೂಲಿಯಾನಾಳ ಒಂದು ಕೈ ಮೂಗಿನ ಮೇಲೆ, ಇನ್ನೊಂದು ಕೈ ಬಚ್ಚಲಿನ ಕಡೆ. “ಸೀದಾ ಒಳಗೆ! ಎಂತದ್ದನ್ನೂ ಮುಟ್ಬೇಡ, ಸೋಫಾ ಅಂತೂ ನೋಡ್ಲೇಬೇಡ!”

ಅವಳಿಗೆ ಪ್ರೀತಿಯಾದ ವೈನ್‌ಗಳು ಎಷ್ಟೋ ಇದ್ದವು. ಆದರೆ ನೋಸಿಯೋಲ ಎಂಬ ಬಿಳಿ ದ್ರಾಕ್ಷಿಯ ವಿಷಯ ಬಂದರೆ ಮಾತ್ರ, ಬಡ ಸಂಬಂಧಿಕರ ಪರ ವಹಿಸಿ ಮಾತಾಡುವವರಂತೆ, ಅವಳ ದನಿ ಸ್ವಲ್ಪ ಏರುತ್ತಿತ್ತು. ಇಟಲಿಯ ಉತ್ತರದ ತುದಿಯಲ್ಲಿ, ಬೆಟ್ಟಗಳ ನಡುವಿನ ತ್ರೆಂತಿನೋ ಎಂಬ ಸೀಮೆಯದ್ದು ಅದು. ಅಲ್ಲಿ ಕೂಡ ಈಗ ಅದನ್ನು ಬೆಳೆಯುವವರು ಕಡಿಮೆ. ಜಗತ್ತೆಲ್ಲ ಹೆಸರು ಹಿಡಿದು ಕೇಳುವ ತಳಿಗಳು ಬಂದು ಇದನ್ನು ಮೂಲೆಗೆ ತಳ್ಳಿವೆ. ಅದರ ಸಾದಾ ವೈನಿಗೆ ದೊಡ್ಡ ಪರಿಮಳವಿಲ್ಲ. ಲೋಟಕ್ಕೆ ಮೂಗಿಟ್ಟು ಕಾದರೆ ಮೊದಲು ಹಸಿ ಸೇಬು, ಆಮೇಲೆ ಯಾವುದೋ ಬಿಳಿ ಹೂವು, ಕೊನೆಗೆ ಹೇಝಲ್ ನಟ್ ಎಂಬ ಅಲ್ಲಿಯ ಕಾಯಿಯ ನೆನಪು; ಹೆಸರೂ ಆ ಕಾಯಿಯ ಇಟಾಲಿಯನ್ ಹೆಸರಿನಿಂದಲೇ ಬಂದಿರಬೇಕೆಂದು ಕೆಲವರು ಹೇಳುತ್ತಾರಂತೆ. ನುಂಗಿದ ಮೇಲೆ ನಾಲಿಗೆಯ ಹಿಂದೆ ಎಳೆಯಷ್ಟು ಕಹಿ.

“ಗೇರುಬೀಜ ಹುರಿದು ಸಿಪ್ಪೆ ತೆಗೀತಾರಲ್ಲ, ಆ ಸಿಪ್ಪೆಯ ಪರಿಮಳ. ಬೀಜದ್ದಲ್ಲ, ಸಿಪ್ಪೆಯದ್ದು. ಗೊತ್ತಾಯ್ತಾ?” ಎಂದು ನನಗೆ ವಿವರಿಸುವಳು. ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ಬಳಿ ಇದ್ದದ್ದು ಎರಡೇ ಪದಗಳು: ಒಳ್ಳೆಯದಾದರೆ ಪರಿಮಳ, ಕೆಟ್ಟದಾದರೆ ವಾಸನೆ.

ಆ ದ್ರಾಕ್ಷಿಗೆ ಇನ್ನೊಂದು ಉಪಯೋಗವಿದೆ; ಅದನ್ನು ಹೇಳುವಾಗ ಅವಳು ಕೂತಲ್ಲಿಂದ ಎದ್ದೇಬಿಡುವಳು. ಕೊಯ್ಲಿನಲ್ಲಿ ಒಳ್ಳೊಳ್ಳೆಯ ಗೊಂಚಲುಗಳನ್ನು ಆರಿಸಿ, ಅಟ್ಟದಲ್ಲಿ ಜಾಲರಿಯ ಚಾಪೆಗಳ ಮೇಲೆ ಹರಡಿ, ಕಿಟಕಿ ತೆರೆದಿಡುತ್ತಾರೆ. ತೆಂಕಣ ದಿಕ್ಕಿನ ದೊಡ್ಡ ಸರೋವರದಿಂದ ಅಲ್ಲಿಗೆ ಒಂದು ಗಾಳಿ ಬರುತ್ತದೆ. ಚಳಿಗಾಲವೆಲ್ಲ ಆ ಗಾಳಿಯಲ್ಲಿ ದ್ರಾಕ್ಷಿ ಬಾಡಿ, ಸುಕ್ಕಾಗಿ, ಒಳಗೊಳಗೇ ಸಿಹಿಯಾಗುತ್ತದೆ. ಯೇಸುವಿನ ಶ್ರಮೆಯನ್ನು ನೆನೆಯುವ ಪವಿತ್ರ ವಾರ ಬಂದಾಗ ಅದನ್ನು ಹಿಂಡುತ್ತಾರೆ. ಬುಟ್ಟಿ ತುಂಬ ದ್ರಾಕ್ಷಿಗೆ ಒಂದಿಷ್ಟೇ ರಸ; ಅದು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಜೇನಿನ ಬಣ್ಣದ ವೀನೋ ಸಾಂತೊ, ಅಂದರೆ ಪವಿತ್ರ ವೈನ್ ಆಗುತ್ತದೆ. ಹಿಂಡಿ ಉಳಿದ ಸಿಪ್ಪೆಯನ್ನೂ ಬಿಡದೆ ಭಟ್ಟಿ ಇಳಿಸಿ ಗ್ರಪ್ಪ ಎಂಬ ಖಾರದ ಮದ್ಯ ಮಾಡುತ್ತಾರೆ. “ನಮ್ಮಲ್ಲಿ ತೆಂಗಿನದ್ದು ಯಾವುದನ್ನೂ ಬಿಸಾಡುದಿಲ್ಲ ಅಲ್ವಾ, ಹಾಗೆ,” ಎನ್ನುವಳು.

ಹೋಟೆಲಿನ ಮ್ಯಾನೇಜರನ ಹಿಂದೆ ಬಿದ್ದು ಅವಳು ಈ ನೋಸಿಯೋಲವನ್ನು ರೆಸ್ಟೋರೆಂಟಿನ ವೈನ್ ಕಾರ್ಡಿಗೆ ಸೇರಿಸಿದ್ದಳು. ಕೇಳುವವರು ಇರಲಿಲ್ಲ, ಇವಳೇ ಮೇಜಿಂದ ಮೇಜಿಗೆ ಹೋಗಿ ಒಪ್ಪಿಸಿ ಕುಡಿಸಬೇಕು. ಅದನ್ನು ಬೆಳೆಯುವ ಬ್ರೂನೊ ಎಂಬ ಮುದುಕನಿಗೆ ಈ ಸುದ್ದಿ ಹೇಗೋ ತಲುಪಿ, ಮರುಭೂಮಿಯ ಊರಿನಲ್ಲಿ ತನ್ನ ದ್ರಾಕ್ಷಿಯ ಪರ ವಾದಿಸುವ ಈ ಭಾರತದ ಹೆಂಗಸು ಯಾರೆಂದು ನೋಡಲು ತಾನೇ ಬರುತ್ತೇನೆಂದ. ಹೋಟೆಲಿನವರು ಅದನ್ನೇ ನೆಪ ಮಾಡಿ ಒಂದು ಮಧ್ಯಾಹ್ನದ ಔತಣ ಇಟ್ಟರು: ನೋಸಿಯೋಲದ ವೈನ್‌ಗಳು, ಅವುಗಳ ಜೊತೆ ಒಗ್ಗುವ ಊಟ. ಜೂಲಿಯಾನಾ ಅಡುಗೆಯವನಿಗೆ ನಮ್ಮ ಕಾಣೆ ಮೀನಿನ ರವಾ ಫ್ರೈ ಮಾಡಲು ಹೇಳಿದಳು. ಆ ಎಳೆಯಷ್ಟು ಕಹಿಗೆ ಅದು ಹೇಳಿ ಮಾಡಿಸಿದ ಜೋಡಿಯಂತೆ. ಆ ಊಟ ಚೆನ್ನಾಗಿ ನಡೆದರೆ ಹೋಟೆಲಿನ ಎಲ್ಲ ರೆಸ್ಟೋರೆಂಟುಗಳ ವೈನ್ ಅವಳ ಉಸ್ತುವಾರಿಗೆ ಬರುವುದಿತ್ತು.

ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ದೊಡ್ಡ ಜ್ವರವೇನಲ್ಲ. ಕೆಲವು ದಿನ ಗಂಜಿ ಕುಡಿದು, ಮಾತ್ರೆ ನುಂಗಿ ಮಲಗಿದಳು, ಬಿಟ್ಟುಹೋಯಿತು. ನೆಗಡಿ ಕಟ್ಟಿದೆ, ರುಚಿ ಹತ್ತುತ್ತಿಲ್ಲ ಎಂದಳು. ಜ್ವರ ಬಿಟ್ಟವರೆಲ್ಲ ಹೇಳುವ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವಾರ ನಾನು ದೇರಾದಿಂದ ಬಂದಾಗ ಬೊಂಡಾಸ್ ಮೀನಿನ ಪೆಟ್ಟಿಗೆಯ ನೀರು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತ್ತು. ದಾರಿಯುದ್ದಕ್ಕೂ ಜೊತೆಯಲ್ಲಿದ್ದ ಪಠಾಣ ಡ್ರೈವರ್ ಕಾರಿನ ಗಾಜು ಇಳಿಸಿಯೇ ಓಡಿಸಿದ್ದ. ಮನೆಯ ಬಾಗಿಲು ತೆರೆದ ಜೂಲಿಯಾನಾ ಕೈಗೆ ಚಹಾ ಕೊಟ್ಟಳು. ಬಳಲಿದ್ದ ನಾನು ಏನೂ ಯೋಚಿಸದೆ ಸೋಫಾದ ಮೇಲೆ ಕೂತುಬಿಟ್ಟೆ. ಅವಳು ಬಂದು ಪಕ್ಕದಲ್ಲಿ ಕೂತು, ನನ್ನ ಭುಜಕ್ಕೆ ತಲೆಯಾನಿಸಿ, “ನಿನಗೂ ಸುಸ್ತಾಯ್ತಾ?” ಎಂದಳು. ಒಂದು ಕ್ಷಣ ನನಗೆ ಎಷ್ಟು ಸುಖವಾಯಿತೆಂದರೆ, ಕಾಯಿಲೆ ಮನುಷ್ಯರನ್ನು ಹೀಗೆ ಮೆತ್ತಗೆ ಮಾಡುವುದಾದರೆ ಆಗಾಗ ಬರಲಿ ಎನಿಸಿತು. ಮರುಕ್ಷಣ ನನ್ನ ಕೈಯಲ್ಲಿದ್ದ ಚಹಾ ತಣ್ಣಗಾದಂತಾಯಿತು.

“ಜೂಲಿ, ನಾನಿನ್ನೂ ಸ್ನಾನ ಮಾಡಿಲ್ಲ.”

ಅವಳು ತಲೆಯೆತ್ತಿದಳು. ಮೆಲ್ಲಗೆ ಬಾಗಿ ನನ್ನ ಅಂಗಿಯ ತೋಳಿಗೆ, ಆಮೇಲೆ ಎದೆಗೆ ಮೂಗು ತಾಗಿಸಿ, ಗೋಡೆಯಾಚೆಯ ಮಾತನ್ನು ಆಲಿಸುವವಳಂತೆ ಬಹಳ ಹೊತ್ತು ಹಾಗೇ ಇದ್ದಳು.

“ಇವತ್ತು ಮೀನಿನ ದಿನವಾ?” ಎಂದು ಕೇಳಿದಳು.

ನಾವಿಬ್ಬರೂ ಅಡುಗೆಮನೆಗೆ ಹೋದೆವು. ಲವಂಗದ ಡಬ್ಬ ತೆರೆದೆವು, ಇಂಗಿನ ಡಬ್ಬ ತೆರೆದೆವು, ಬೆಳ್ಳುಳ್ಳಿ ಜಜ್ಜಿ ಅವಳ ಮೂಗಿನ ಕೆಳಗೆ ಹಿಡಿದೆ. ಕೊನೆಗೆ ನೆಲ ಒರೆಸುವ ಫಿನಾಯಿಲಿನ ಬಾಟಲಿ. “ಕಣ್ಣಿಗೆ ಉರಿ ಬರ್ತದೆ, ಅಷ್ಟೇ,” ಎಂದಳು. ತಲೆಯ ಮೇಲೆ ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು. ಯಾರದೋ ಮನೆಯಲ್ಲಿ ಈರುಳ್ಳಿ ಕೆಂಪಗಾಗುತ್ತಿರುವುದು ನನ್ನಂಥವನಿಗೂ ತಿಳಿಯುವಂತಿತ್ತು. ಅವಳು ಫ್ಯಾನಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. “ಎಂತ ಬರ್ತಾ ಉಂಟು?” ಎಂದಳು. ನಾನು ಫ್ಯಾನಿನ ಸ್ವಿಚ್ಚು ಆರಿಸಿದೆ.

ನಮ್ಮ ಭಾಷೆ ಇಂಥ ವಿಷಯಗಳಲ್ಲಿ ಧಾರಾಳಿ. ಕಣ್ಣು ಹೋದವರಿಗೆ, ಕಿವಿ ಕೇಳದವರಿಗೆ, ಮಾತು ಬಾರದವರಿಗೆ ಅದರಲ್ಲಿ ಒಂದೊಂದು ಪದವಿದೆ. ಪದವಿರುವುದರಿಂದ ಅವರಿಗೆ ಒಂದಿಷ್ಟು ಮರುಕವೂ ಇದೆ. ಪರಿಮಳ ತಿಳಿಯದವರಿಗೆ ಆಡುಮಾತಿನಲ್ಲಿ ಒಂದು ಹೆಸರನ್ನು ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ಹೆಸರಿಲ್ಲದ ದುಃಖವನ್ನು ಹೊತ್ತವರ ಮನೆಗೆ ಯಾರೂ ಹಣ್ಣು ಹಿಡಿದು ನೋಡಲು ಬರುವುದಿಲ್ಲ. “ಓ, ಅಷ್ಟೇನಾ? ಸರಿಯಾಗ್ತದೆ ಬಿಡಿ,” ಎಂದುಬಿಡುತ್ತಾರೆ.

“ಆ ಊಟ ಮುಗಿಯುವವರೆಗೆ ಯಾರಿಗೂ ಹೇಳ್ಬೇಡ,” ಎಂದಳು ಜೂಲಿಯಾನಾ. “ಅಷ್ಟರೊಳಗೆ ಬರಬಹುದು.”

ಬರಲಿಲ್ಲ. ಔತಣದ ದಿನ ಕಾಣೆ ಮೀನನ್ನು ಅಡುಗೆಮನೆಗೆ ತಲುಪಿಸಿದ ನನ್ನನ್ನು ಮ್ಯಾನೇಜರ್, ಜೂಲಿಯಾನಾಳ ಗಂಡನೆಂಬ ಮರ್ಯಾದೆಯಿಂದ, ಹಿಂದಿನ ಒಂದು ಸಣ್ಣ ಮೇಜಿನಲ್ಲಿ ಕೂರಿಸಿದ. ಮುಂದಿನ ಮೇಜುಗಳಲ್ಲಿ ಅತಿಥಿಗಳು. ನಡುವೆ ಬ್ರೂನೊ, ಬಿಸಿಲಿಗೆ ಸುಟ್ಟ ಮುಖದ ಎತ್ತರದ ಮುದುಕ, ಸಾಲ ತಂದಂತೆ ಕಾಣುವ ಕೋಟಿನೊಳಗೆ ಬಿಗಿಯಾಗಿ ಕೂತಿದ್ದ. ಕಪ್ಪು ಕೋಟು ತೊಟ್ಟು ನಿಂತ ಜೂಲಿಯಾನಾ ಮಾತಾಡತೊಡಗಿದಳು. ಇಂಗ್ಲಿಷಿನಲ್ಲಿ ಅವಳು ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಅಟ್ಟ, ಚಾಪೆ, ಸರೋವರದ ಗಾಳಿ, ಪವಿತ್ರ ವಾರ, ಎಲ್ಲ ಬಂತು. ಬ್ರೂನೊ ಕಣ್ಣು ಮುಚ್ಚಿ ಕೇಳುತ್ತಿದ್ದ.

ಬಾಟಲಿಗಳನ್ನು ಮೊದಲೇ ತೆರೆದು ಮೂಸಿ ನೋಡಬೇಕಾದದ್ದು ಅವಳ ಕೆಲಸ. ನೆಗಡಿಯೆಂದು ಹೇಳಿ ಅದನ್ನು ಜೊತೆಯಲ್ಲಿ ಕೆಲಸ ಮಾಡುವ ಫಿಲಿಪ್ಪೀನ್ಸಿನ ಹುಡುಗಿಗೆ ಒಪ್ಪಿಸಿದ್ದಳು. ಆದರೆ ಊಟದ ನಡುವೆ ವೈನ್ ಸಾಲದೆ ಹೋಗಿ ಇನ್ನೊಂದು ಬಾಟಲಿಯನ್ನು ಅವಳೇ ಅವಸರದಲ್ಲಿ ತೆರೆದಳು. ರೂಢಿಯಂತೆ ಬಿರಡೆಯನ್ನು ಮೂಗಿಗೆ ಹಿಡಿದಳು, ರೂಢಿಯಂತೆ ತಲೆಯಾಡಿಸಿದಳು, ಬ್ರೂನೊನ ಮೇಜಿಗೆ ಸುರಿದಳು, ನಗುತ್ತ ಬಂದು ನನ್ನ ಲೋಟಕ್ಕೂ ಒಂದಿಷ್ಟು ಹಾಕಿದಳು.

ನಾನು ಮೂಸಿದೆ. ಮಳೆಯಲ್ಲಿ ನೆಂದು ಮೂಲೆಯಲ್ಲಿ ಬಿದ್ದ ಗೋಣಿಚೀಲದ ಮುಗ್ಗಲು ವಾಸನೆ. ನನ್ನ ಅಜ್ಞಾನವನ್ನು ನೋಡಿ ನೀವು ನಗಬೇಕು: ಇದೇ ಇರಬೇಕು ಆ ಪ್ರಸಿದ್ಧ ಸಿಪ್ಪೆಯ ಪರಿಮಳ, ಎಂದುಕೊಂಡೆ ನಾನು. ಹೆಂಡತಿಯ ದ್ರಾಕ್ಷಿ ಕೊನೆಗೂ ಅರ್ಥವಾಯಿತಲ್ಲ ಎಂದು ಹೆಮ್ಮೆಯಿಂದ ತಲೆಯೆತ್ತಿದರೆ, ಮುಂದಿನ ಮೇಜಿನಲ್ಲಿ ಒಬ್ಬಾಕೆ ಲೋಟವನ್ನು ದೂರ ಸರಿಸುತ್ತಿದ್ದಳು. ಅವಳ ಗಂಡ ಮೂಗು ಮುರಿದು ಏನೋ ಪಿಸುಗುಡುತ್ತಿದ್ದ. ಮ್ಯಾನೇಜರ್ ಬಂದು ಒಂದು ಲೋಟ ಎತ್ತಿ ಮೂಸಿದ, ಅವನ ಮುಖ ಬಿಗಿಯಿತು. ಬಿರಡೆಗೆ ಬೂಷ್ಟು ಹಿಡಿದರೆ ವೈನ್ ಹಾಗಾಗುತ್ತದೆಂದು, ಅದನ್ನು ಮೂಸಿದ ಕೂಡಲೇ ಹಿಡಿಯುವುದು ಈ ಕೆಲಸದ ಮೊದಲ ಪಾಠವೆಂದು ನನಗೆ ಆಮೇಲೆ ತಿಳಿಯಿತು.

ಜೂಲಿಯಾನಾ “ಹಸಿ ಸೇಬು, ಬಿಳಿ ಹೂವು” ಎನ್ನುತ್ತಿದ್ದವಳು ನಡುವೆ ನಿಂತಳು. ಎಲ್ಲರ ಮುಖಗಳನ್ನು ನೋಡಿದಳು. ಬ್ರೂನೊನ ಮುಂದಿದ್ದ ಲೋಟವನ್ನು ಎತ್ತಿ, ಕಣ್ಣು ಮುಚ್ಚಿ, ಮೂಗನ್ನು ಅದರೊಳಗೆ ಇಳಿಸಿ ಉಸಿರೆಳೆದಳು, ಮತ್ತೊಮ್ಮೆ ಎಳೆದಳು. ಓಡಿಹೋಗಿ ಅವಳ ಕಿವಿಯಲ್ಲಿ ‘ಗೋಣಿಚೀಲ’ ಎಂದು ಉಸುರಬೇಕೆನಿಸಿತು ನನಗೆ. ಆದರೆ ಕೂತೇ ಇದ್ದೆ.

ಲೋಟ ಕೆಳಗಿಟ್ಟು ಅವಳು ಬ್ರೂನೊನಿಗೆ, ಬೇರೆ ಯಾರೂ ಅಲ್ಲಿ ಇಲ್ಲವೆಂಬಂತೆ, ಹೇಳಿದಳು: “ಕ್ಷಮಿಸಿ. ಇದು ಕೆಟ್ಟಿರಬೇಕು. ನನಗೆ ಗೊತ್ತಾಗುವುದಿಲ್ಲ. ನನ್ನ ಮೂಗು ಹೋಗಿದೆ.”

ಅತಿಥಿಗಳೆಲ್ಲ ಹೋದ ಮೇಲೆ ಬ್ರೂನೊ ಹೋಗಲಿಲ್ಲ. ನಮ್ಮ ಸಣ್ಣ ಮೇಜಿಗೆ ಬಂದು ಕೂತು, ತಾನೇ ವೀನೋ ಸಾಂತೊದ ಬಾಟಲಿಯಿಂದ ಅವಳಿಗೊಂದಿಷ್ಟು ಸುರಿದ. ಅವಳು ಗುಟುಕರಿಸಿದಳು. “ಸಿಹಿ,” ಎಂದಳು. “ಸಿಹಿ ಮಾತ್ರ. ಸಕ್ಕರೆ ನೀರಿನ ಹಾಗೆ.” ಮುದುಕ ತಲೆತಗ್ಗಿಸಿದ. ಆಮೇಲೆ ತನ್ನ ಒರಟು ಇಂಗ್ಲಿಷಿನಲ್ಲಿ, ಪದಕ್ಕೆ ಪದ ಹುಡುಕುತ್ತ ಅವನು ಹೇಳಿದ್ದರ ಸಾರ ಇಷ್ಟು: ಅರ್ಧ ತೋಟದ ಬಳ್ಳಿಗಳನ್ನು ಮಕ್ಕಳು ಆಗಲೇ ಕಿತ್ತು ಬೇರೆ ದ್ರಾಕ್ಷಿ ಹಾಕಿದ್ದಾರೆ. ಉಳಿದರ್ಧವನ್ನು ತಾನು ಸಾಯುವವರೆಗೆ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ಒಳ್ಳೆಯ ಮಕ್ಕಳು, ಅವರೂ ಬದುಕಬೇಕಲ್ಲ. “ಬಳ್ಳಿ ಹೋಗುತ್ತದೆಂದು ನನಗೆ ಗೊತ್ತು. ಯಾರದಾದರೂ ಮೂಗಿನಲ್ಲಿ ಉಳಿಯಲಿ ಎಂದು ಇಷ್ಟು ದೂರ ಬಂದೆ.”

ಹಾಗೆಂದವನಿಗೆ ತಾನು ಏನೆಂದೆನೆಂದು ಆಮೇಲೆ ಹೊಳೆಯಿತು. ಎರಡೂ ಕೈಗಳಿಂದ ಅವಳ ಕೈಯನ್ನು ಮುಚ್ಚಿ ಹಿಡಿದುಕೊಂಡ. ಅವರಿಬ್ಬರೂ ಅತ್ತರು. ಎದುರಿಗೆ ಕೂತ ನಾನು ಆ ಮುಗ್ಗಲು ವೈನಿನ ನನ್ನ ಲೋಟವನ್ನು, ಏನು ಮಾಡಬೇಕೆಂದು ತಿಳಿಯದೆ, ಪೂರ್ತಿ ಕುಡಿದು ಮುಗಿಸಿದೆ.

ಮ್ಯಾನೇಜರ್ ಕೆಟ್ಟವನಲ್ಲ. ಕೆಲಸದಿಂದ ತೆಗೆಯಲಿಲ್ಲ, ಗುಣವಾಗುವವರೆಗೆ ಎಂದು ಹೇಳಿ ಅವಳನ್ನು ನೆಲಮಾಳಿಗೆಯ ಯೂನಿಫಾರ್ಮ್ ಕೋಣೆಗೆ ಹಾಕಿದ. ಅಲ್ಲಿ ಆಳೆತ್ತರದ ಯಂತ್ರಗಳಿಂದ ಬರುವ ಬಟ್ಟೆಗಳನ್ನು ಎಣಿಸಿ, ಮಡಚಿ, ಹೆಸರಿನ ಪ್ರಕಾರ ಜೋಡಿಸಬೇಕು. “ಅಲ್ಲಿ ಸೋಪಿನ ಹೊಗೆಗೆ ಎಲ್ಲರಿಗೂ ತಲೆನೋವು. ನನಗೆ ಎಂತ ಇಲ್ಲ,” ಎಂದು ಮೊದಲ ದಿನ ಬಂದು ನಗಲು ನೋಡಿದಳು. ಮುಂದಿನ ಸಲ ವೈನ್ ಕಾರ್ಡ್ ಅಚ್ಚಾದಾಗ ಅದರಲ್ಲಿ ನೋಸಿಯೋಲ ಇರಲಿಲ್ಲ. ಪರ ವಹಿಸಿ ಮಾತಾಡುವವರು ಇಲ್ಲದ ಮೇಲೆ ಅದನ್ನು ಯಾರು ತರಿಸುತ್ತಾರೆ?

ಅಲ್ ಐನ್‌ನಲ್ಲಿ ನರ್ಸ್ ಆಗಿರುವ ನನ್ನ ಅಕ್ಕ ಜೂಲಿಯಾನಾಳನ್ನು ತನ್ನ ಆಸ್ಪತ್ರೆಯ ಮೂಗಿನ ಡಾಕ್ಟರರಿಗೆ ತೋರಿಸಿದಳು. ಅವರು ನೇರವಾದ ಮನುಷ್ಯ: ಜ್ವರಕ್ಕೆ ನರ ಪೆಟ್ಟು ತಿಂದಿದೆ, ಬರಬಹುದು, ಬಾರದಿರಬಹುದು, ಮದ್ದಿಲ್ಲ, ಅಭ್ಯಾಸವಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳ ನಾಲ್ಕು ಶೀಶೆಗಳನ್ನು ದಿನಾ ಬೆಳಿಗ್ಗೆ ಸಂಜೆ ಮೂಸುತ್ತ, ಅದರದರ ಪರಿಮಳವನ್ನು ಮನಸ್ಸಿನಲ್ಲಿ ನೆನೆಯಬೇಕು. ಜಪಕ್ಕೆ ಕೂರುವವಳಂತೆ ಅವಳು ಕೂರುತ್ತಿದ್ದಳು. ಗುಲಾಬಿಯ ಶೀಶೆ ಹಿಡಿದು ಗುಲಾಬಿಯನ್ನು ನೆನೆಯುವುದು. ನೆನೆದದ್ದು ಬಂತೋ, ಬಂದದ್ದನ್ನು ನೆನೆದೆನೋ ಎಂದು ತಿಳಿಯದೆ ಶೀಶೆ ಕೆಳಗಿಡುವುದು. ನಮ್ಮವರು ಹಿಂದಿನ ಜನ್ಮಗಳಿಂದ ಅಂಟಿಕೊಂಡು ಬಂದದ್ದಕ್ಕೂ ವಾಸನೆ ಎಂದೇ ಹೆಸರಿಟ್ಟರಲ್ಲ, ಎಷ್ಟು ತಿಳಿದವರು ಎಂದು ಆಗ ನನಗನಿಸುತ್ತಿತ್ತು. ಇದ್ದದ್ದು ಹೋದ ಮೇಲೂ ಉಳಿಯುವುದು ಅದೊಂದೇ. ಉಳಿದು ಸುಖ ಕೊಡುತ್ತದೆಯೆಂದು ಮಾತ್ರ ಅವರು ಎಲ್ಲಿಯೂ ಹೇಳಲಿಲ್ಲ.

ಮಾರುಕಟ್ಟೆಯಲ್ಲಿ ನನ್ನ ಮುಖ ನೋಡಿ ಹಮೀದಾಕ ಒಂದು ದಿನ ಬಿಡದೆ ಕೇಳಿದರು. ಹೇಳಿದೆ. ತಕ್ಕಡಿ ಹಾಗೇ ಬಿಟ್ಟು ಅವರು ನನ್ನ ಕಡೆ ತಿರುಗಿದರು. “ಕುಡಿಯುವ ವಿಷಯ ನನಗೆ ಗೊತ್ತಿಲ್ಲ ಐವನಣ್ಣ, ನಮಗದು ಹರಾಮ್. ಆದ್ರೆ ಮೂಗು ಹೋದ್ರೆ ಈ ಮಾರ್ಕೆಟಲ್ಲಿ ನಾನೂ ಖಲಾಸ್. ಪಾಪ, ಆ ತಂಗಿಗೆ ನಾನು ದುವಾ ಮಾಡ್ತೇನೆ.” ಬ್ರೂನೊನ ಕಣ್ಣೀರು ಬಿಟ್ಟರೆ ಆ ಹೆಸರಿಲ್ಲದ ದುಃಖಕ್ಕೆ ಸಿಕ್ಕಿದ ಏಕೈಕ ಮರುಕ ಅದು, ಅದೂ ವೈನನ್ನು ಎಂದೂ ಮುಟ್ಟದವರಿಂದ.

ಬೇಸಿಗೆ ಕಳೆದು ಗಾಳಿ ತಂಪಾಗತೊಡಗಿದ ಒಂದು ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದೆ. ಜೂಲಿಯಾನಾ ಬಾಗಿಲಲ್ಲಿ ಬಂದು ನಿಂತಳು, ಅವಳ ಕಣ್ಣು ಅಗಲವಾಗಿತ್ತು.

“ಐವನ್! ವಾಸನೆ ಬರ್ತಾ ಉಂಟು!”

ಲೋಟ ಅಲ್ಲೇ ಬಿಟ್ಟು ಓಡಿದೆ. ಆದರೆ ಅವಳ ಮುಖದ ಬೆಳಕು ನಾನು ತಲುಪುವುದರೊಳಗೇ ಬದಲಾಗತೊಡಗಿತ್ತು. “ಇದು ಕಾಫಿ ಅಲ್ಲ,” ಎಂದಳು. “ಇದೆಂತದು? ಇಲಿ ಸತ್ತಿದೆಯಾ ಎಲ್ಲಾದ್ರೂ?” ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ, ಬಂತಲ್ಲ, ಏನಾದರೂ ಬಂತಲ್ಲ ಎಂಬ ಸಂತೋಷಕ್ಕೆ ಅವಳನ್ನು ಬಾಚಿ ತಬ್ಬಿಕೊಂಡೆ. ನನ್ನ ತೋಳಿನೊಳಗೆ ಅವಳ ಮೈ ಮರದಂತೆ ಸೆಟೆಯಿತು. ಕೊಸರಿಕೊಂಡು ಬಚ್ಚಲಿಗೆ ಓಡಿ ವಾಂತಿ ಮಾಡಿದಳು.

“ಕಾಫಿಯದ್ದು,” ಎಂದಳು ಬಾಯಿ ತೊಳೆದುಕೊಂಡು ಬಂದು. “ಕಾಫಿಯದ್ದೇ.”

ಡಾಕ್ಟರರು ಫೋನಿನಲ್ಲಿ ವಿವರಿಸಿದರು: ನರ ಮತ್ತೆ ಚಿಗುರುವಾಗ ತಂತಿಗಳು ತಪ್ಪಾಗಿ ಕೂಡಿಕೊಳ್ಳುವುದುಂಟು. ಕಾಫಿ, ಈರುಳ್ಳಿ, ಹುರಿದ ಮಾಂಸ, ಮನುಷ್ಯರ ಬೆವರು, ಇಂಥವೆಲ್ಲ ಕೊಳೆತಂತೆ ನಾರಬಹುದು. ಕೆಲವರಿಗೆ ಸರಿಹೋಗುತ್ತದೆ. ಕೆಲವರಿಗೆ ಹೀಗೇ ನಿಲ್ಲುತ್ತದೆ. ಮನುಷ್ಯರ ಬೆವರು ಎಂದು ಅವರು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಅವಳೂ ನನಗೆ ಹೇಳಲಿಲ್ಲ. ನಾನು ಸೋಪು ಬದಲಿಸಿದೆ, ಅತ್ತರು ಬಿಟ್ಟೆ, ದಿನಕ್ಕೆ ಮೂರು ಸಲ ಮಿಂದೆ; ಕಂಪನಿಯಲ್ಲಿ ಬೇಡಿಕೊಂಡು ಮೀನು ಮಾರುಕಟ್ಟೆಯ ಓಡಾಟವನ್ನು ಬೇರೆಯವರಿಗೆ ವಹಿಸಿದೆ. ನಾನು ಹತ್ತಿರ ಹೋದಾಗ ಅವಳು ಉಸಿರು ಹಿಡಿಯುವುದು ಮಾತ್ರ ನಿಲ್ಲಲಿಲ್ಲ. ಉಸಿರು ಹಿಡಿದೇ ನಗುತ್ತಿದ್ದಳು, ಉಸಿರು ಹಿಡಿದೇ ತಟ್ಟೆ ಮುಂದಿಡುತ್ತಿದ್ದಳು. ಮಾತಾಡಬೇಕಾದಾಗ ಎರಡು ಹೆಜ್ಜೆ ಹಿಂದೆ ಸರಿದು ಮಾತಾಡುತ್ತಿದ್ದಳು. ಏನೂ ತಿಳಿಯದಿದ್ದ ದಿನಗಳಲ್ಲಿ ನನ್ನ ಕೊಳಕು ಭುಜಕ್ಕೆ ಒರಗಿದ್ದವಳು ಇವಳೇ. ಆ ಶೂನ್ಯವೇ ವಾಸಿಯಾಗಿತ್ತು ಎಂದು ಆಸೆಪಡುವ ಸ್ಥಿತಿ ಮನುಷ್ಯರಿಗೆ ಬರಬಹುದೆಂದು ನಾನು ಎಣಿಸಿರಲಿಲ್ಲ.

ಕೊನೆಗೆ ನಾನೇ ಕೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ಈಗ ಮನೆಯಲ್ಲೂ ಅದೇ ಕೆಲಸ. “ಜೂಲಿ, ನನ್ನ ಹತ್ತಿರ ಕೂರ್ಲಿಕ್ಕೆ ನಿನಗೆ ಕಷ್ಟ ಆಗ್ತದಲ್ವಾ?”

ಅವಳು ಸುಳ್ಳು ಹೇಳಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಅಂಚಿಗೆ ಸರಿಯಾಗಿ ಕೂಡಿಸಿ ಆಮೇಲೆ ಮಾತಾಡಿದಳು.

“ನಿನ್ನ ಮೊದಲಿನ ಪರಿಮಳ ನನಗೆ ನೆನಪುಂಟು, ಐವನ್. ಸ್ನಾನ ಮಾಡಿ ಬಂದಾಗ ನಿನ್ನ ಕುತ್ತಿಗೆಯ ಹಿಂದೆ, ಒಣಗಿದ ಭತ್ತದ ಹುಲ್ಲಿನ ಹಾಗೆ. ನೋಸಿಯೋಲ ಮರೆತುಹೋಯ್ತು; ಈಗ ಎಷ್ಟು ನೆನೆದರೂ ಬರುದಿಲ್ಲ. ಇದೊಂದು ಉಂಟು. ಇದನ್ನು ಇಟ್ಟುಕೊಂಡು ಇರ್ತೇನೆ. ಹತ್ತಿರ ಬಂದು ಅದನ್ನು ಹಾಳು ಮಾಡ್ಬೇಡ.”

ಓದುತ್ತಿರುವ ನೀವು ಇಲ್ಲಿ ನನ್ನಿಂದ ಏನಾದರೂ ಸಮಾಧಾನದ ಮಾತನ್ನು ನಿರೀಕ್ಷಿಸುತ್ತಿರಬಹುದು. ಕಾಲ ಎಲ್ಲವನ್ನೂ ಮಾಗಿಸುತ್ತದೆ ಎನ್ನಬಹುದಿತ್ತು. ಮಾಗುವುದಕ್ಕೂ ಕೊಳೆಯುವುದಕ್ಕೂ ನಡುವೆ ಇರುವ ಗೆರೆ ಎಷ್ಟು ತೆಳ್ಳಗೆಂದು ಅಟ್ಟದಲ್ಲಿ ದ್ರಾಕ್ಷಿ ಹರಡುವವರಿಗೆ ಗೊತ್ತಿರಬೇಕು, ನನಗೆ ಗೊತ್ತಿಲ್ಲ. ಡಾಕ್ಟರರು ಈಗ ಫೋನು ಮಾಡಬೇಡಿ ಎನ್ನುವುದಿಲ್ಲ, ಆದರೆ ಹೇಳಲು ಅವರ ಬಳಿ ಹೊಸದೇನೂ ಇಲ್ಲ. ಶೀಶೆಗಳು ಒಣಗಿವೆ. ಬ್ರೂನೊನಿಂದ ಸುದ್ದಿಯಿಲ್ಲ.

ರಜೆಯ ದಿನ ಸಂಜೆ ನಾವು ಕಾರ್ನಿಶ್‌ಗೆ, ಸಮುದ್ರದ ದಂಡೆಗೆ ಹೋಗುತ್ತೇವೆ. ಮನೆಯೊಳಗೆ ಯಂತ್ರ ಬಡಿಸುವ ಗಾಳಿಗಿಂತ ಅಲ್ಲಿಯದು ಅವಳಿಗೆ ಹಿತ. ಮೊನ್ನೆಯೂ ಹೋಗಿದ್ದೆವು. ಗಾಳಿ ದಂಡೆಯುದ್ದಕ್ಕೂ ಬಲದಿಂದ ಎಡಕ್ಕೆ ಬೀಸುತ್ತಿತ್ತು. ಅವಳು ಬೆಂಚಿನ ಬಲಕ್ಕೆ ಕೂತಳು, ನಾನು ಎಡಕ್ಕೆ. ಯಾರೋ ಸಂಸಾರಸಮೇತ ಚಾಪೆ ಹಾಸಿ ಕೂತಿದ್ದರು, ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಬಹಳ ದಿನಗಳ ಮೇಲೆ ಅವಳು ಉಸಿರು ಹಿಡಿಯದೆ ಮಾತಾಡಿದಳು, ಅಮ್ಮನ ಮೊಣಕಾಲು ನೋವಿನ ಬಗ್ಗೆ, ಯೂನಿಫಾರ್ಮ್ ಕೋಣೆಯ ಹೊಸ ನೇಪಾಳಿ ಹುಡುಗಿಯ ಬಗ್ಗೆ. ಮಾತಿನ ನಡುವೆ ನಕ್ಕಳು ಕೂಡ. ಸೂರ್ಯ ಮುಳುಗುತ್ತಿದ್ದಂತೆ ನೀರಿನ ಮೇಲಿನ ಗೆರೆಗಳು ಬೇರೆ ಕಡೆ ಓಡತೊಡಗಿದವು. ಅವಳ ಮಾತು ಅರ್ಧಕ್ಕೆ ನಿಂತಿತು.

“ಗಾಳಿ ತಿರುಗಿತು,” ಎಂದಳು, ನನ್ನ ಕಡೆ ನೋಡದೆ.

“ಹೌದು,” ಎಂದು ನಾನು ಎದ್ದೆ. ಬೆಂಚನ್ನು ಸುತ್ತಿ ಹೋಗಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅವಳ ಬಲಗಡೆ ಕೂತೆ. “ಹೇಳು, ಆ ನೇಪಾಳಿ ಹುಡುಗಿ ಆಮೇಲೆ ಎಂತ ಮಾಡಿದಳು?”